ಅವನು ಬರದಿದ್ದರೆ ಲೆಕ್ಕ ಯಾರು ಹೇಳಬೇಕು?

ಕುಷ್ಟಗಿ ತಾಲ್ಲೂಕಿನ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ಅಪ್ಪ-ಅವ್ವನ ಜತೆ ಬೆಂಗಳೂರಿಗೆ ಗುಳೆ ಹೋಗಿದ್ದ ಮೂರನೇ ತರಗತಿಯ ಹುಡುಗ ಐದು ತಿಂಗಳಿಗೆ ಮರಳಿದ್ದಾನೆ. ದಿನವೂ ಬರುತ್ತಾನೆ, ಬಾಗಿಲ ಬದಿಗೆ ಚೀಲ ಅವಚಿಕೊಂಡು ಕೂಡುತ್ತಾನೆ, ಬಾಯಿ ಬಿಡುವುದಿಲ್ಲ. ಕಸ ಗುಡಿಸು ಎಂದರೆ ಮಾತ್ರ ಹುರುಪಿನಿಂದ ಏಳುತ್ತಾನೆ. ಅದನ್ನೇ ಅವನಿಗೆ ಕಾಯಂ ವಹಿಸಲೇ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಮೇಡಂ, ಕೆಲಸ ಖಂಡಿತ ಕೊಡಿ. ಕಸಬರಿಗೆ ಮಾತ್ರ ಕಾಯಂ ಮಾಡಬೇಡಿ. ಕಸಬರಿಗೆ ಯಾರ ಕೈಗೆ ಹೋಗಬೇಕು ಎಂಬುದನ್ನು ನಮ್ಮ ಊರುಗಳಲ್ಲಿ ಜಾತಿ ನೋಡಿಯೇ ನಿಶ್ಚಯಿಸುತ್ತಿದ್ದರು. ಮಕ್ಕಳಿಗೆ ಅದು ಹೇಳದೆಯೇ ತಿಳಿಯುತ್ತದೆ. ಗುಡಿಸುವುದಾದರೆ ಎಲ್ಲರಿಗೂ ಸರದಿ ಇರಲಿ, ಗೌಡರ ಮಗಳಿಗೂ.

ಆದರೆ ನೀವು ಗಮನಿಸಿದ್ದು ಸಣ್ಣದಲ್ಲ. ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಚಟುವಟಿಕೆಗಳ ಮೂಲಕವೇ ನೆರವಾಗುವ ಚಿಕಿತ್ಸೆ) ಬಲ್ಲವರು ‘ಆಕ್ಯುಪೇಷನ್’ ಎಂದಾಗ ಸಂಬಳದ ನೌಕರಿಯನ್ನಷ್ಟೇ ಹೇಳುವುದಿಲ್ಲ. ಆಟ, ಓದು, ಉಣ್ಣುವುದು, ಗೆಳೆಯರೊಡನೆ ಕೂಡಿ ಏನನ್ನಾದರೂ ಕಟ್ಟುವುದು, ಎಲ್ಲವೂ ಅದರಲ್ಲಿ ಬರುತ್ತವೆ. ಕೂಡಿ ಮಾಡುತ್ತ ಮಾಡುತ್ತಲೇ ‘ಇದು ನನ್ನ ಜಾಗ’ ಎಂಬ ಭಾವ ಹುಟ್ಟುತ್ತದೆ ಎಂದು ಅವರು ನಂಬುತ್ತಾರೆ. ನಾನೂ ನಂಬುತ್ತೇನೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಅದು ಬರುವುದಿಲ್ಲ.

ನಿಮ್ಮ ಪತ್ರದ ಒಂದು ಸಾಲನ್ನು ಮೂರು ಸಲ ಓದಿದೆ. ಬೇವಿನ ಗಿಡದ ಸುತ್ತ ಚೆಲ್ಲಿದ್ದ ಇಟ್ಟಿಗೆಗಳನ್ನು ಅವನು ಯಾರೂ ಹೇಳದೆ ಜೋಡಿಸಿದ. ಕೆಳಸಾಲಿನ ಎರಡು ಇಟ್ಟಿಗೆಯ ಸಂದಿನ ಮೇಲೆ ಮೇಲಿನ ಇಟ್ಟಿಗೆಯ ನಡು ಬರುವಂತೆ! ಆ ಹುಡುಗ ಐದು ತಿಂಗಳು ಏನೂ ಕಲಿಯದೆ ಬಂದಿಲ್ಲ. ಅಲ್ಲಿ ಅರ್ಧ ಇದೆ, ಕಾಲು ಇದೆ, ಮಗ್ಗಿ ಇದೆ. ನಾಳೆ ಗಣಿತಕ್ಕೆ ತರಗತಿಯನ್ನು ಆ ಕಟ್ಟೆಯ ಹತ್ತಿರವೇ ಕರೆದೊಯ್ಯಿರಿ. ಒಂದು ಸಾಲಿಗೆ ಎಷ್ಟು, ಐದು ಸಾಲಿಗೆ ಎಷ್ಟು ಎಂದು ಎಲ್ಲರೂ ಎಣಿಸಲಿ. ಸಂದು ಒಂದರ ಮೇಲೊಂದು ಬಂದರೆ ಗೋಡೆ ಏಕೆ ಸೀಳುತ್ತದೆ ಎಂಬುದನ್ನು ಅವನು ತೋರಿಸಲಿ. ಮಾತಾಡಲೇಬೇಕೆಂದಿಲ್ಲ, ಕೈಯಿಂದ ತೋರಿಸಿದರೂ ಸಾಕು.

ಹಾಗೆಂದು ಅವನನ್ನು ‘ಗೌಂಡಿ’ ಎಂದು ಯಾರೂ ಕರೆಯದಂತೆ ನೋಡಿಕೊಳ್ಳಿ. ಒಮ್ಮೆ ಅಂಟಿದ ಹೆಸರು ಬಿಡುವುದಿಲ್ಲ.

ಓದಿನಲ್ಲಿ ಹಿಂದುಳಿದಿದ್ದಾನೆ ಎಂಬ ಚಿಂತೆಗೆ ನಿಮ್ಮ ಕೋಣೆಯಲ್ಲೇ ದಾರಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಒಂದು ಗುಣವೇ ಇದು: ಅಲ್ಲಿ ಪಾಠಗಳು ಏಣಿಯ ಮೆಟ್ಟಿಲುಗಳಂತೆ ಇರುತ್ತವೆ, ಶಾಲೆ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಏಣಿ ಹತ್ತಬಹುದು. ಗುಳೆಯ ಸೀಮೆಗೆ ಇದಕ್ಕಿಂತ ಹೊಂದುವ ಪದ್ಧತಿ ನನಗೆ ತಿಳಿದಿಲ್ಲ. ಮಕ್ಕಳ ಹಾಳೆಗಳನ್ನು ತೂಗುಹಾಕಲು ತರಗತಿಯಲ್ಲಿ ತಲೆಯ ಮೇಲೆ ಕಟ್ಟಿರುವ ಚಪ್ಪರದ ದಾರ ಒಮ್ಮೆ ನೋಡಿ. ಅಲ್ಲಿ ಅವನು ಬರೆದ ಹಾಳೆ ಒಂದಾದರೂ ತೂಗುತ್ತಿದೆಯೇ? ಇಲ್ಲದಿದ್ದರೆ ಇವತ್ತೇ ತೂಗಲಿ.

ಇನ್ನೊಂದು ಕೆಲಸ. ಬಿಸಿಯೂಟ 2002ರಲ್ಲಿ ಮೊದಲು ಬಂದದ್ದೇ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯೂ ಸೇರಿದ ಏಳು ಜಿಲ್ಲೆಗಳಿಗೆ. ಪ್ರತಿ ಮುಂಜಾನೆ ಎಷ್ಟು ತಲೆ ಎಂಬ ಲೆಕ್ಕ ಸಿಗದೆ ಅಡುಗೆಯವರು ಅಕ್ಕಿ ಅಳೆಯುವುದಿಲ್ಲ. ನಿಮ್ಮ ತರಗತಿಯ ತಲೆ ಎಣಿಸಿ ಅಡುಗೆಮನೆಗೆ ಹೇಳಿಬರುವುದನ್ನು ಒಂದು ತಿಂಗಳು ಅವನಿಗೆ, ಜತೆಗೊಬ್ಬ ಗೆಳತಿಗೋ ಗೆಳೆಯನಿಗೋ ಕೊಡಿ. ಆಮೇಲೆ ಬೇರೆ ಜೋಡಿಗೆ. ಒಂದೇ ಒಂದು ಸಂಖ್ಯೆ ಹೇಳಿದರಾಯಿತು. ಆದರೆ ಆ ಸಂಖ್ಯೆಗಾಗಿ ಒಲೆಯ ಮುಂದೆ ಒಬ್ಬಾಕೆ ಕಾಯುತ್ತಿರುತ್ತಾಳೆ.

ಅವನು ತಪ್ಪಿಸಿದ ದಿನ ಯಾವುದೋ ಮಗು ‘ಅಕ್ಕೋರೆ, ಅವ ಬಂದಿಲ್ರಿ, ಲೆಕ್ಕ ಯಾರ್ ಹೇಳ್ಬೇಕ್ರಿ?’ ಎಂದು ಕೇಳಿದರೆ ನನಗೊಂದು ಕಾರ್ಡು ಬರೆಯಿರಿ.