ಮೊದಲ ಪತ್ರದಲ್ಲಿಯೇ ಹಣ ಕೇಳಬೇಕೆ?
ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದಲ್ಲಿರುವ ಅನುದಾನರಹಿತ ಕನ್ನಡ ಮಾಧ್ಯಮ ಪ್ರೌಢಶಾಲೆ. ಮುಂದಿನ ವರ್ಷ ರಜತ ಮಹೋತ್ಸವ. ಪ್ರಯೋಗಾಲಯದ ಮಾಡು ಸೋರುತ್ತಿದೆ, ಶುಲ್ಕದಿಂದ ಬರುವ ಹಣ ಶಿಕ್ಷಕರ ಸಂಬಳಕ್ಕೇ ಸಾಲುತ್ತಿಲ್ಲ. ಸುಮಾರು 600 ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬರೆದು ದೇಣಿಗೆ ಕೋರಿದೆವು. ಉತ್ತರ ಬಂದದ್ದು 19 ಮಂದಿಯಿಂದ ಮಾತ್ರ. ಎಲ್ಲಿ ತಪ್ಪಿದೆವು? – ಮುಖ್ಯೋಪಾಧ್ಯಾಯರು, ಹಾಸನ ಜಿಲ್ಲೆ

ಉತ್ತರ: ನೀವು ಕಳುಹಿಸಿದ ಪತ್ರದ ಪ್ರತಿಯನ್ನು ಎರಡು ಬಾರಿ ಓದಿದೆ. ಭಾಷೆ ಸೌಜನ್ಯದಿಂದ ಕೂಡಿದೆ, ಕೋರಿಕೆಯೂ ನ್ಯಾಯವಾದದ್ದೇ. ಆದರೆ ಶಾಲೆ ಬಿಟ್ಟ ಇಪ್ಪತ್ತು ವರ್ಷಗಳಲ್ಲಿ ತನ್ನನ್ನು ಒಮ್ಮೆಯೂ ನೆನೆಯದ ಶಾಲೆಯಿಂದ ಬಂದ ಮೊದಲ ಕಾಗದದಲ್ಲಿಯೇ ಬ್ಯಾಂಕ್ ಖಾತೆಯ ಸಂಖ್ಯೆ ಅಚ್ಚಾಗಿರುವುದನ್ನು ಕಂಡವನ ಮನಸ್ಸಿಗೆ ಏನನ್ನಿಸೀತು ಎಂಬುದನ್ನು ಯೋಚಿಸಿ. ಉತ್ತರಿಸದ 581 ಮಂದಿ ಕೃತಘ್ನರಲ್ಲ. ಅವರೊಂದಿಗೆ ಶಾಲೆಗೆ ಸಂಬಂಧವೇ ಉಳಿದಿರಲಿಲ್ಲ, ಅಷ್ಟೆ. ಆದುದರಿಂದ ನನ್ನ ಮೊದಲ ಸಲಹೆಯೆಂದರೆ, ಇನ್ನು ಆರು ತಿಂಗಳು ಯಾರಲ್ಲಿಯೂ ಹಣ ಕೇಳಬೇಡಿ.

ಆ ಆರು ತಿಂಗಳಲ್ಲಿ ಮಾಡಬೇಕಾದ ಕೆಲಸ ನಿಮ್ಮ ಕಚೇರಿಯ ಬೀರುವಿನಲ್ಲಿಯೇ ಇದೆ. ದಾಖಲಾತಿ ಪುಸ್ತಕವನ್ನು ತೆಗೆದು, ಶಾಲೆಗೆ ಸೇರಿದ ಪ್ರತಿಯೊಬ್ಬರ ಹೆಸರು, ಊರು ಮತ್ತು ಶಾಲೆ ಬಿಟ್ಟ ವರ್ಷವನ್ನು ಎಸ್‌ಎಸ್‌ಎಲ್‌ಸಿ ತಂಡಗಳಂತೆ ವಿಂಗಡಿಸಿ ಬರೆಸಿ. ಎಸ್‌ಎಸ್‌ಎಲ್‌ಸಿಯಲ್ಲಿ ಅನುತ್ತೀರ್ಣರಾದವರನ್ನೂ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವರನ್ನೂ ಕೈಬಿಡಬೇಡಿ. ಅವರಲ್ಲಿ ಅನೇಕರು ಊರಿನಲ್ಲಿಯೇ ಉಳಿದು ಗಾರೆ ಕೆಲಸ, ಮರಗೆಲಸ, ವಿದ್ಯುತ್ ಕೆಲಸಗಳಲ್ಲಿ ನುರಿತಿರುತ್ತಾರೆ. ಸೋರುವ ಮಾಡನ್ನು ಸರಿಪಡಿಸಲು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಿಂತ ಮೊದಲು ಒದಗುವವರು ಇವರೇ. ಹೆಣ್ಣುಮಕ್ಕಳ ವಿಷಯದಲ್ಲಂತೂ ಹೆಚ್ಚಿನ ಶ್ರದ್ಧೆ ಬೇಕು. ಮದುವೆಯಾದ ಮೇಲೆ ಊರು ಬದಲಾಗಿ, ಕೆಲವೊಮ್ಮೆ ಹೆಸರೂ ಬದಲಾಗಿ, ಹಳೆಯ ವಿದ್ಯಾರ್ಥಿಗಳ ಪಟ್ಟಿಗಳಿಂದ ಅವರು ಸದ್ದಿಲ್ಲದೆ ಬಿಟ್ಟುಹೋಗುತ್ತಾರೆ. ತವರಿನ ವಿಳಾಸ ನಿಮ್ಮಲ್ಲಿದೆ, ಅಲ್ಲಿಂದಲೇ ವಿಚಾರಿಸಿ. ಪ್ರತಿ ತಂಡಕ್ಕೂ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಪ್ರತಿನಿಧಿಗಳನ್ನಾಗಿ ಗುರುತಿಸಿದರೆ ಉಳಿದವರನ್ನು ಅವರೇ ಹುಡುಕುತ್ತಾರೆ. ಆದರೆ ಹೀಗೆ ಕೂಡಿಸಿದ ದೂರವಾಣಿ ಸಂಖ್ಯೆಗಳನ್ನು ಅವರವರ ಒಪ್ಪಿಗೆಯಿಲ್ಲದೆ ಎಲ್ಲರಿಗೂ ಹಂಚಬಾರದು.

ನಮ್ಮ ನಾಡಿನ ಊರೂರುಗಳಲ್ಲಿ ಈಗ ಗುರುವಂದನೆ ಮತ್ತು ಸ್ನೇಹ ಸಮ್ಮಿಲನಗಳು ನಡೆಯುತ್ತಿವೆ. ನಿವೃತ್ತ ಶಿಕ್ಷಕರನ್ನು ಕರೆಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಾಲಿಗೆರಗುವ ಆ ಸಮಾರಂಭಗಳನ್ನು ಹಳೆಯ ವಿದ್ಯಾರ್ಥಿಗಳು ತಾವೇ ಹಣ ಹಾಕಿ, ತಾವೇ ಓಡಾಡಿ ಮಾಡುತ್ತಾರೆ. ಇಷ್ಟು ಪ್ರೀತಿಯಿರುವ ಜನ ಶಾಲೆಯ ಪತ್ರಕ್ಕೆ ಏಕೆ ಉತ್ತರಿಸುವುದಿಲ್ಲವೆಂದರೆ, ಆ ಪ್ರೀತಿ ಕಲಿಸಿದ ಮೇಷ್ಟರ ಮೇಲಿರುತ್ತದೆಯೇ ಹೊರತು ಆಡಳಿತ ಮಂಡಳಿಯ ಮೇಲಲ್ಲ. ಆದುದರಿಂದ ಎರಡನೆಯ ಪತ್ರಕ್ಕೆ ಕಾರ್ಯದರ್ಶಿಗಳ ಬದಲು, ಮೊದಲ ತಂಡಗಳಿಗೆ ಪಾಠ ಹೇಳಿದ ಶಿಕ್ಷಕರೊಬ್ಬರು ಸಹಿ ಹಾಕಲಿ. ಅದರಲ್ಲಿ ಶಾಲೆಯ ಈಗಿನ ಸ್ಥಿತಿ, ಮಕ್ಕಳ ಸಂಖ್ಯೆ, ಆದಾಯ ಮತ್ತು ಖರ್ಚು ಇವಿಷ್ಟು ಪ್ರಾಮಾಣಿಕವಾಗಿರಲಿ. ಕೋರಿಕೆ ಒಂದೇ ಇರಲಿ: ಒಂದು ಶನಿವಾರ ಬಂದು ಹತ್ತನೆಯ ತರಗತಿಯ ಮಕ್ಕಳೊಂದಿಗೆ ಒಂದು ಗಂಟೆ ಮಾತನಾಡಿ ಹೋಗಿ.

ಹಣ ಕೇಳುವ ಕಾಲ ಬಂದಾಗ, ಯಾವುದಕ್ಕೆ ಎಂಬುದನ್ನು ಬೇರೆಬೇರೆಯಾಗಿ ಹೇಳಬೇಕು. ಮಾಡಿನ ದುರಸ್ತಿ ಒಮ್ಮೆ ಮುಗಿಯುವ ಕೆಲಸ. ಎಂಜಿನಿಯರರ ಅಂದಾಜು ಪಟ್ಟಿಯನ್ನೇ ಲಗತ್ತಿಸಿ ಕೇಳಿದರೆ ಜನ ಕೊಡುತ್ತಾರೆ. ಸಂಬಳ ಹಾಗಲ್ಲ. ಕಟ್ಟಡಕ್ಕೆ ಕೊಟ್ಟವರ ಹೆಸರು ಕಲ್ಲಿನ ಮೇಲೆ ಬರುತ್ತದೆ, ಗಣಿತ ಶಿಕ್ಷಕಿಯ ಜೂನ್ ತಿಂಗಳ ಸಂಬಳಕ್ಕೆ ಕೊಟ್ಟವರ ಹೆಸರು ಎಲ್ಲಿಯೂ ಬರುವುದಿಲ್ಲ. ಆದರೂ ಶಾಲೆ ನಿಂತಿರುವುದು ಎರಡನೆಯದರ ಮೇಲೆಯೇ. ಇದಕ್ಕೆ ದೊಡ್ಡ ದಾನಿಯೊಬ್ಬನನ್ನು ಕಾಯುವುದಕ್ಕಿಂತ ತಿಂಗಳಿಗೆ 250 ರೂಪಾಯಿ ಕೊಡುವ 200 ಮಂದಿಯನ್ನು ಕೂಡಿಸುವುದು ಲೇಸು. ವರ್ಷಕ್ಕೆ 6 ಲಕ್ಷ ರೂಪಾಯಿಯಾಗುತ್ತದೆ, ಹತ್ತು ಮಂದಿ ನಿಲ್ಲಿಸಿದರೂ ಶಾಲೆ ಅಲುಗುವುದಿಲ್ಲ. ದತ್ತಿನಿಧಿಯ ಮಾತು ಬೇರೆ. 10 ಲಕ್ಷ ರೂಪಾಯಿಯ ಠೇವಣಿಗೆ ಶೇಕಡಾ 7ರಂತೆ ಬಡ್ಡಿ ಬಂದರೂ ವರ್ಷಕ್ಕೆ 70,000 ರೂಪಾಯಿ ಮಾತ್ರ. ಬೆಲೆಯೇರಿಕೆಗೆಂದು ಅದರಲ್ಲಿಯೂ ಒಂದು ಭಾಗವನ್ನು ಅಸಲಿಗೇ ಸೇರಿಸಬೇಕು. ದತ್ತಿನಿಧಿಗೆ ಕೊಡುವವರಿಂದ, ಈ ಹಣ ಮೂಲಧನವಾಗಿಯೇ ಉಳಿಯಬೇಕೆಂಬ ಲಿಖಿತ ಸೂಚನೆಯನ್ನು ತಪ್ಪದೆ ಪಡೆಯಿರಿ.

ಹಳೆಯ ವಿದ್ಯಾರ್ಥಿಗಳ ಸಂಘವನ್ನು ಪ್ರತ್ಯೇಕವಾಗಿ ನೋಂದಾಯಿಸಬೇಕೆ ಎಂದೂ ಕೇಳಿದ್ದೀರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಅಡಿಯಲ್ಲಿ ನೋಂದಾಯಿಸಬಹುದು. ಆದರೆ ಎರಡು ಸಂಸ್ಥೆ, ಎರಡು ಖಾತೆ, ಎರಡು ಲೆಕ್ಕಪರಿಶೋಧನೆಗಳಾಗುತ್ತವೆ. ದಾನಿಗಳು ಬಯಸುವ 80ಜಿ ತೆರಿಗೆ ವಿನಾಯಿತಿಗೆ (ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ; 80ಜಿ ಎಂಬುದು 1961ರ ಆದಾಯ ತೆರಿಗೆ ಕಾಯಿದೆಯ ಕಲಮು) ಶಾಲೆಯನ್ನು ನಡೆಸುವ ನಿಮ್ಮ ಟ್ರಸ್ಟ್ ಅನುಮೋದನೆ ಪಡೆದಿದ್ದರೂ ಅದು ಸಂಘಕ್ಕೆ ತಾನಾಗಿ ಅನ್ವಯಿಸುವುದಿಲ್ಲ, ಸಂಘ ತನ್ನದೇ ಅನುಮೋದನೆ ಪಡೆಯಬೇಕು. ಸದ್ಯಕ್ಕೆ ಸಂಪರ್ಕದ ಕೆಲಸ ಸಂಘದ್ದಾಗಿರಲಿ, ಹಣ ಟ್ರಸ್ಟಿನ ಹೆಸರಿನ ಪ್ರತ್ಯೇಕ ಖಾತೆಗೆ ಬರಲಿ, ಆ ಖಾತೆಯ ಖರ್ಚನ್ನು ಒಪ್ಪುವ ಸಮಿತಿಯಲ್ಲಿ ಹಳೆಯ ವಿದ್ಯಾರ್ಥಿಗಳಿಬ್ಬರು ಇರಲಿ.

ತೆರಿಗೆಯ ಬಗ್ಗೆ ದಾನಿಗಳಿಗೆ ಮೊದಲೇ ಸರಿಯಾಗಿ ತಿಳಿಸುವುದು ಮುಖ್ಯ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಈ ವಿನಾಯಿತಿ ಇಲ್ಲ. ಗಣಕಯಂತ್ರ, ಪುಸ್ತಕ, ಸಿಮೆಂಟು ಮೊದಲಾದ ವಸ್ತುರೂಪದ ಕೊಡುಗೆಗೂ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗಂತೂ ಇದು ದೊರೆಯುವುದೇ ಇಲ್ಲ. ಸಂಸ್ಥೆಯು ಪ್ರತಿ ವರ್ಷ ದಾನಿಗಳ ವಿವರಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಬರೀ ರಸೀದಿ ಸಾಲದು. 1961ರ ಕಾಯಿದೆಯ ಬದಲಿಗೆ 2025ರ ಹೊಸ ಆದಾಯ ತೆರಿಗೆ ಕಾಯಿದೆಯನ್ನು 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ ತಂದಿರುವುದರಿಂದ, ಕಲಮು ಮತ್ತು ನಮೂನೆಗಳ ಸಂಖ್ಯೆಯನ್ನು ನಿಮ್ಮ ಲೆಕ್ಕಪರಿಶೋಧಕರಿಂದ ತಿಳಿದುಕೊಂಡೇ ರಸೀದಿ ಪುಸ್ತಕ ಅಚ್ಚು ಹಾಕಿಸಿ.

ನಾನು ಒಂದು ಖಾಸಗಿ ಶಾಲೆಯ ಖಜಾಂಚಿಯಾಗಿ ಕೆಲಸ ಮಾಡಿದವನು. ಅಲ್ಲಿ ಕಟ್ಟಡ ನಿಧಿಗೆ ಜನ ಧಾರಾಳವಾಗಿ ಕೊಟ್ಟರು. ಕಟ್ಟಡ ಎದ್ದಿತು, ಉದ್ಘಾಟನೆ ವೈಭವದಿಂದ ನಡೆಯಿತು, ಆದರೆ ಲೆಕ್ಕವನ್ನು ದಾನಿಗಳಿಗೆ ಕಳುಹಿಸಲಿಲ್ಲ. ಒಂದು ಪೈಸೆಯೂ ದುರುಪಯೋಗವಾಗಿರಲಿಲ್ಲ. ಹಾಗಿದ್ದರೂ ನಾಲ್ಕು ವರ್ಷಗಳ ಬಳಿಕ ಶೌಚಾಲಯಕ್ಕೆಂದು ಮತ್ತೆ ಕೇಳಿದಾಗ, ಮೊದಲು ಕೊಟ್ಟವರಲ್ಲಿ ಮುಕ್ಕಾಲು ಪಾಲು ಜನ ಮೌನವಾಗಿದ್ದರು. ಆ ತಪ್ಪು ನನ್ನದು, ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. 100 ರೂಪಾಯಿ ಕೊಟ್ಟವರಿಗೂ ವರ್ಷದ ಕೊನೆಗೆ ಒಂದು ಪುಟದ ಲೆಕ್ಕ ತಲುಪಲೇಬೇಕು.

ಪ್ರಶ್ನೆ: ನಾನು ಓದಿದ ಶಾಲೆಗೆ ಹಣ ಕಳುಹಿಸಬೇಕೆಂದಿದ್ದೇನೆ. ಈಗ ಅಮೆರಿಕದ ಪೌರತ್ವ ಪಡೆದಿದ್ದೇನೆ. ಮೈಸೂರಿನಲ್ಲಿರುವ ಅಣ್ಣನ ಖಾತೆಗೆ ಹಾಕಿ ಅಲ್ಲಿಂದ ಕೊಡಿಸಬಹುದೆ? – ಓದುಗರು, ನ್ಯೂಜೆರ್ಸಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ವಿದೇಶಿ ಮೂಲದಿಂದ ಹೊರಟ ಹಣ ನಡುವೆ ಬೇರೊಬ್ಬರ ಕೈ ದಾಟಿ ಬಂದರೂ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಅದು ವಿದೇಶಿ ವಂತಿಗೆಯೇ. ತೊಂದರೆಗೆ ಸಿಲುಕುವುದು ನಿಮ್ಮ ಶಾಲೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿ ಭಾರತೀಯರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ದೇಣಿಗೆಗೆ ಈ ಕಾಯಿದೆ ಅಡ್ಡಬರುವುದಿಲ್ಲ. ಆದರೆ ವಿದೇಶಿ ಪೌರತ್ವ ಪಡೆದವರು ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಗುರುತಿನ ಕಾರ್ಡ್) ಹೊಂದಿದ್ದರೂ, ಭಾರತದಲ್ಲಿರುವ ಖಾತೆಯಿಂದ ರೂಪಾಯಿಯಲ್ಲಿಯೇ ಕೊಟ್ಟರೂ, ಅದು ವಿದೇಶಿ ವಂತಿಗೆಯಾಗುತ್ತದೆ. ಶಾಲೆಯ ಟ್ರಸ್ಟ್ ಈ ಕಾಯಿದೆಯಡಿ ನೋಂದಣಿ ಹೊಂದಿದ್ದರೆ ನೀವು ನೇರವಾಗಿ ಕೊಡಬಹುದು. ಅಂತಹ ಹಣ 2020ರ ತಿದ್ದುಪಡಿಯ ನಂತರ ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಟ್ರಸ್ಟ್ ತೆರೆದಿರುವ ಖಾತೆಗೇ ಮೊದಲು ಬರಬೇಕು. ನೋಂದಣಿ ಇಲ್ಲದಿದ್ದರೆ, ನಿರ್ದಿಷ್ಟ ದಾನಿಯಿಂದ ನಿರ್ದಿಷ್ಟ ಕೆಲಸಕ್ಕೆ ಪೂರ್ವಾನುಮತಿ ಕೋರುವ ಮಾರ್ಗವಿದೆ. ಅದು ನಿಧಾನವಾಗಿ ಸಾಗುವ ಕೆಲಸ. ಅಲ್ಲಿಯವರೆಗೆ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಯಾವ ಅನುಮತಿಯೂ ಬೇಕಿಲ್ಲ, ಮುಖ್ಯೋಪಾಧ್ಯಾಯರನ್ನು ಒಂದು ಮಾತು ಕೇಳಿದರೆ ಸಾಕು.

ಪ್ರಶ್ನೆ: ನಮ್ಮ ಶಾಲೆಗೆ ಐದು ಲಕ್ಷ ಕೊಡಲು ಒಪ್ಪಿರುವ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಮಗಳಿಗೆ ಒಂದನೆಯ ತರಗತಿಯಲ್ಲಿ ಸೀಟು ಕೇಳುತ್ತಿದ್ದಾರೆ. ಒಪ್ಪಬಹುದೆ? – ಆಡಳಿತ ಮಂಡಳಿಯ ಸದಸ್ಯರು, ಧಾರವಾಡ

ಉತ್ತರ: ಒಪ್ಪಬಾರದು. ಪ್ರವೇಶಕ್ಕೆ ಪ್ರತಿಯಾಗಿ ಪಡೆದ ಹಣಕ್ಕೆ ದೇಣಿಗೆಯೆಂದು ರಸೀದಿ ಬರೆದರೂ ಅದು ವಂತಿಗೆ ಶುಲ್ಕವೇ. ಅದನ್ನು 1984ರ ಕರ್ನಾಟಕದ ವಂತಿಗೆ ಶುಲ್ಕ ನಿಷೇಧ ಕಾಯಿದೆಯೂ 2009ರ ಶಿಕ್ಷಣ ಹಕ್ಕು ಕಾಯಿದೆಯೂ ನಿಷೇಧಿಸಿವೆ. ಎರಡನೆಯದರಲ್ಲಿ, ಪಡೆದ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ವಿಧಿಸಲು ಅವಕಾಶವಿದೆ. ಮಗುವಿನ ಅರ್ಜಿಯನ್ನು ಉಳಿದ ಅರ್ಜಿಗಳ ಸಾಲಿನಲ್ಲಿಯೇ ಇಟ್ಟು ನಿಮ್ಮ ಎಂದಿನ ನಿಯಮದಂತೆ ತೀರ್ಮಾನಿಸಿ. ಪ್ರವೇಶ ಪ್ರಕ್ರಿಯೆ ಪೂರ್ಣವಾಗಿ ಮುಗಿಯುವವರೆಗೆ ಆ ತಂದೆಯವರಿಂದ ಒಂದು ರೂಪಾಯಿಯನ್ನೂ ಪಡೆಯದೆ, ಅದಕ್ಕೆ ಕಾರಣವೇನೆಂಬುದನ್ನು ಅವರಿಗೆ ಗೌರವದಿಂದ ಪತ್ರದ ಮೂಲಕ ತಿಳಿಸಿ, ಅದರ ಪ್ರತಿಯನ್ನು ಕಡತದಲ್ಲಿಡಿ.