‘ನಮ್ಮಪ್ಪಗ ಯಾರು ಹೇಳಬೇಕ್ರಿ?’

ಸಂಕ್ರಾಂತಿ ಹಿಂದುಮುಂದಿನ ಚಳಿಯಲ್ಲಿ ಈ ಪ್ರಕರಣ ನನ್ನ ಬಳಿ ಬಂದೇ ಬರುತ್ತದೆ. ಒಂದು ಸಲ ಗಂಗಾವತಿ ಕಡೆಯಿಂದ, ಒಂದು ಸಲ ಕಾರಟಗಿ ಕಡೆಯಿಂದ. ಬಾಣಂತಿಗೆ ಜ್ವರ, ಕೆಮ್ಮು. ಮನೆಯವರು ಕೂಸಿಗೆ ಎದೆಹಾಲು ಬಿಡಿಸಿರುತ್ತಾರೆ. ಈ ಸಲ ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಸಲಹೆ ಕೊಟ್ಟ ಮೇಲೆ ಆ ಮನೆಯವರು ನನ್ನ ಮೇಲೆಯೇ ಸಿಟ್ಟಾದರು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿಗೆ ಚೊಚ್ಚಲ ಹೆರಿಗೆ, ತವರಲ್ಲಿದ್ದಳು. ಕೂಸಿಗೆ 23 ದಿನ. ಆಶಾ ಕಾರ್ಯಕರ್ತೆ 21ನೇ ದಿನದ ಭೇಟಿಗೆ ಹೋದಾಗ ಕೂಸಿನ ತೂಕ ಏರಿರಲಿಲ್ಲ, ಪಕ್ಕದಲ್ಲಿ ನೀರು ಬೆರೆಸಿದ ಎಮ್ಮೆ ಹಾಲಿನ ಬಾಟಲಿ ಇತ್ತು. ಅವಳೇ ಒತ್ತಾಯ ಮಾಡಿ ಕಳಿಸಿದ್ದು.

ತಾಯಿ ಮಗಳು ಒಳಗೆ ಬಂದರು. ಕೂಸನ್ನು ಹೊರಗೆ ಅಜ್ಜ ಹಿಡಿದುಕೊಂಡಿದ್ದ. ಹುಡುಗಿಯ ಕುಪ್ಪಸ ಎರಡೂ ಕಡೆ ನೆನೆದಿತ್ತು, ಸೆರಗು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದಳು. ‘ಎದಿ ಕಲ್ಲಾಗ್ಯಾವ್ರಿ’ ಎಂದು ನೆಲ ನೋಡುತ್ತ ಹೇಳಿದಳು.

‘ಜ್ವರದ ಹಾಲು ಕುಡಿಸಿದ್ರ ಕೂಸಿಗೂ ಜ್ವರ ಬರ್ತೈತ್ರಿ’ ಎಂದರು ಅವ್ವ. ಇಂಥ ಮಾತಿಗೆ ನಾನು ನಗುವುದಿಲ್ಲ. ತಾಯಿಯಿಂದ ಕೂಸಿಗೆ ಹತ್ತೀತು ಅನ್ನುವ ಭಯ ಸುಳ್ಳಲ್ಲ. ಅದು ಬರುವ ದಾರಿ ಮಾತ್ರ ಬೇರೆ. ಫ್ಲೂ, ಅಂದರೆ ಇವಳಿಗೆ ಬಂದಂಥ ಜ್ವರ-ಕೆಮ್ಮು, ಎದೆಹಾಲಿನಲ್ಲಿ ಹೋಗುವುದಿಲ್ಲ. ಕೆಮ್ಮು ಸೀನಿನ ಹನಿಯಲ್ಲಿ, ಮೂಗು ಒರೆಸಿದ ಕೈಯಲ್ಲಿ ಹೋಗುತ್ತದೆ. ಅದೂ ಜ್ವರ ಕಾಣಿಸುವ ಒಂದು ದಿನ ಮೊದಲೇ ಹರಡಲು ಶುರುವಾಗಿರುತ್ತದೆ. ಅಂದರೆ ಹಾಲು ಬಿಡಿಸುವ ಹೊತ್ತಿಗೆ ಕೂಸಿಗೆ ಸೋಂಕು ತಾಕಿಯೇ ಇರಬಹುದು. ಆ ರೋಗದ ವಿರುದ್ಧ ತಾಯಿಯ ಮೈ ತಯಾರಿಸಿದ ಪ್ರತಿಕಾಯಗಳು ಬರುವುದು ಅದೇ ಹಾಲಿನಲ್ಲಿ. ಅದನ್ನು ನಿಲ್ಲಿಸಿ ಎಮ್ಮೆ ಹಾಲು ಕೊಟ್ಟರೆ ಕೂಸಿಗೆ ಎರಡು ಕಡೆಯಿಂದ ನಷ್ಟ. ಡಾಕ್ಟರು ಅವಳಿಗೆ ಪ್ಯಾರಾಸಿಟಮಾಲ್, ಫ್ಲೂ ಔಷಧವಾದ ಒಸೆಲ್ಟಾಮಿವಿರ್ ಬರೆದಿದ್ದರು. ಎರಡನ್ನೂ ನುಂಗುತ್ತಲೇ ಹಾಲು ಕುಡಿಸಬಹುದು.

ಕೂಸನ್ನು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು, ಕುಡಿಸುವಾಗ ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕ್ ಹಾಕಬೇಕು, ಕುಡಿಸಿದ ಮೇಲೆ ಒಂದಿಷ್ಟು ದೂರ ಮಲಗಿಸಬೇಕು, ತೀರಾ ಸುಸ್ತಾದರೆ ಕೈಯಿಂದ ಹಾಲು ಹಿಂಡಿ ಆರೋಗ್ಯವಾಗಿರುವವರಿಂದ ಬಟ್ಟಲು ಚಮಚದಲ್ಲಿ ಕುಡಿಸಬೇಕು, ಬಾಟಲಿ ಬೇಡ. ನೂರಾರು ಸಲ ಹೇಳಿ ಬಾಯಿಪಾಠವಾದ ಮಾತುಗಳು. ಹೇಳಿ ಮುಗಿಸಿದೆ.

ಆಗ ಹುಡುಗಿ ತಲೆ ಎತ್ತಿದಳು.

‘ಮೇಡಂ, ನನಗ ಬಾಯಿ ಕಟ್ಟಂದ್ರಿ, ಕಟ್ತೀನಿ. ನಮ್ಮಪ್ಪಗ ಯಾರು ಹೇಳಬೇಕ್ರಿ?’

ಅವ್ವ ‘ಸುಮ್ಕಿರ’ ಎಂದು ಮೊಣಕೈಯಿಂದ ತಿವಿದರು. ನಾನು ಎದ್ದು ಬಾಗಿಲಿಗೆ ಹೋದೆ. ಅಜ್ಜ ಬೆಂಚಿನ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದ. ಕೆಮ್ಮು ಬಂತು. ಹೆಗಲ ಟವಲ್ ತೆಗೆದು ಬಾಯಿ ಒರೆಸಿಕೊಂಡ. ಕೂಸಿನ ಕಟವಾಯಲ್ಲಿ ಹಾಲು ಇಳಿದಿತ್ತು. ಅದೇ ಟವಲಿನ ತುದಿಯಿಂದ ಅದನ್ನೂ ಒರೆಸಿದ, ಬಹಳ ಮೆತ್ತಗೆ.

ಒಳಗೆ ಕರೆದೆ. ‘ಇದು ಮಿಲ್ಲಿನ ಕೆಮ್ಮರಿ, ಭತ್ತದ ಧೂಳಿಂದು. ವರ್ಷಾನುಗಟ್ಟಲೆ ಐತಿ’ ಎಂದ. ಜ್ವರ ಬಂದಿತ್ತೇ ಎಂದರೆ ಸುಮ್ಮನಾದ. ಹೆಂಡತಿಯೇ ಬಾಯಿ ಬಿಟ್ಟರು: ‘ಹೋದ ವಾರ ಎರಡು ದಿನ ಹೊಚ್ಚಿಕೊಂಡು ಮಲಗಿದ್ರಲ್ಲ.’ ಮಗಳಿಗೆ ಜ್ವರ ಬಂದದ್ದು ಅದಾದ ಮೇಲೆ.

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಬಾಣಂತಿಗಷ್ಟೇ ಹೇಳುತ್ತ ಬಂದಿದ್ದೆ. ಮನೆಯಲ್ಲಿ ಅವಳ ಮಾತು ನಡೆಯುವುದಿಲ್ಲ, ಆದ್ದರಿಂದ ಅವಳಿಗೆ ಹೇಳುವುದು ಸುಲಭ. ‘ಕಾಕಾ, ಕೆಮ್ಮು ಪೂರ್ತಿ ನಿಲ್ಲುವವರೆಗೆ ನಿಮ್ಮ ಹಾಸಿಗೆ ಪಡಸಾಲೆಗೆ. ಕೂಸನ್ನು ದೂರದಿಂದ ನೋಡ್ರಿ, ಟವಲ್ ಮುಟ್ಟಿಸಬ್ಯಾಡ್ರಿ, ಬೀಡಿ ಮನೆಯ ಹೊರಗ. ಕೆಮ್ಮು ಹಳೇದಂತೀರಿ, ಕಫ ಪರೀಕ್ಷೆ ಮಾಡಿಸ್ರಿ’ ಎಂದೆ. ಲೋಬಾನದ ಹೊಗೆ ಬೇಡ ಎಂದದ್ದಕ್ಕೆ ಅವ್ವ ಮುಖ ಗಂಟು ಹಾಕಿದರು. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಹಾಕಲು ಬರುವುದಿಲ್ಲ, ಹಾಗಾಗಿ ಸುತ್ತಲಿನವರು ಹಾಕಿಸಿಕೊಳ್ಳಬೇಕು. ಬಸಿರಿಯಿದ್ದಾಗಲೇ ತಾಯಿ ಹಾಕಿಸಿಕೊಂಡರೆ ಹುಟ್ಟುವ ಕೂಸಿಗೂ ಅದರ ರಕ್ಷಣೆ ಸಿಗುತ್ತದೆ ಎಂದೂ ಹೇಳಿದೆ. ಈ ಹೆರಿಗೆಗೆ ಅದು ತಡವಾಗಿತ್ತು.

ಮೂರನೇ ದಿನ ರಾತ್ರಿ ಕೂಸಿನ ಮೈ ಬಿಸಿಯಾಯಿತು. ಬೆಳಗಿನವರೆಗೆ ಕಾದರು. ಜಿಲ್ಲಾ ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರು, ಕೂಸು ಚೇತರಿಸಿಕೊಂಡಿತು. ಆ ನಾಲ್ಕು ದಿನವೂ ಅದು ಕುಡಿದದ್ದು ತಾಯಿಯ ಹಾಲನ್ನೇ. ಆದರೆ ಹುಡುಗಿಯ ಅಣ್ಣ ನನಗೆ ಫೋನ್ ಮಾಡಿ, ‘ನಿಮ್ಮ ಮಾತು ಕೇಳಿ ಹಾಲು ಕುಡಿಸಿದ್ದಕ್ಕ ಹಿಂಗಾತು’ ಎಂದು ಎಗರಾಡಿದ.

ಹಾಲು ಕುಡಿಸಿ ಎಂದದ್ದಕ್ಕೆ ನಾನು ತಪ್ಪು ಒಪ್ಪುವುದಿಲ್ಲ. ಆ ಮನೆಯಲ್ಲಿ ಸೋಂಕು ಅಜ್ಜನ ಜತೆ ಅದಕ್ಕೂ ಮೊದಲೇ ಕೂತಿತ್ತು. ಎದೆಹಾಲು ಕುಡಿದ ಕೂಸಿಗೆ ರೋಗವೇ ಬರುವುದಿಲ್ಲ ಎಂದು ನಾನು ಎಂದೂ ಹೇಳಿಲ್ಲ. ತಪ್ಪಿದ್ದು ಬೇರೆ ಕಡೆ. ಯಾವಾಗ ಆಸ್ಪತ್ರೆಗೆ ಓಡಬೇಕು ಎಂಬುದನ್ನು ಅವರು ಚಪ್ಪಲಿ ಮೆಟ್ಟುವಾಗ ಹೇಳಿದ್ದೆ. ಈಗ ಅದನ್ನೇ ಮೊದಲು ಹೇಳಿ, ಚೀಟಿಯಲ್ಲೂ ಬರೆದು ಕೊಡುತ್ತೇನೆ: ಎರಡು ತಿಂಗಳೊಳಗಿನ ಕೂಸಿಗೆ ಕಂಕುಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮೈ ತಣ್ಣಗಾದರೆ, ಹಾಲು ಎಳೆಯದಿದ್ದರೆ, ಪಕ್ಕೆ ಒಳಕ್ಕೆ ಎಳೆದರೆ, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚಿದ್ದರೆ, ಮನೆಮದ್ದು ಬೇಡ, ಬೆಳಗಾಗುವುದನ್ನು ಕಾಯುವುದೂ ಬೇಡ, 108ಕ್ಕೆ ಫೋನ್ ಮಾಡಿ.

ಒಂದೂವರೆ ತಿಂಗಳ ಲಸಿಕೆಗೆ ಹುಡುಗಿ ಬಂದಿದ್ದಳು. ಕೂಸು ಕೆನ್ನೆ ತುಂಬಿಕೊಂಡಿತ್ತು. ಅಜ್ಜ ಗೇಟಿನ ಹತ್ತಿರವೇ ನಿಂತು ಕೈ ಎತ್ತಿದ. ಬೈಕಿನ ಮೇಲೆ ಕೂತಿದ್ದ ಅಣ್ಣ ಮಾತ್ರ ನನ್ನ ಕಡೆ ತಿರುಗಿ ನೋಡಲಿಲ್ಲ.