ಹನ್ನೆರಡು ಹಾಡು ಸಾಲದು, ಮೇಷ್ಟ್ರೇ

ಹಾಸನದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಹೋದ ಸಂಚಿಕೆಯಲ್ಲಿ ಬ್ರೆಜಿಲ್‌ನ ಅಕಾರ್ಡಿಯನ್ ವಾದಕ, ಹಾಡುಗಾರ ಲೂಯಿಸ್ ಗೊನ್ಜಾಗಾ ಅವರ ಐವತ್ತು ವರ್ಷಗಳ ಸಂಕಲನಕ್ಕೆ ಮೂರು ಪುಟ ಕೊಟ್ಟಿದ್ದೀರಿ. ಮೊಮ್ಮಗಳ ಫೋನಿನಲ್ಲಿ ಹುಡುಕಿಸಿ ಕೇಳಿದೆ. ‘ಬಿಳಿ ರೆಕ್ಕೆ’ ಹಾಡು ಚೆನ್ನಾಗಿದೆ. ಉಳಿದದ್ದೆಲ್ಲ ಒಂದೇ ತಾಳ. ಹಳೇ ಮುದ್ರಣದ ಕರಕರ ಸದ್ದು ಬೇರೆ. ರೇಡಿಯೊದಲ್ಲಿ ಹಾಡಿ, ಚರ್ಮದ ಟೋಪಿಯ ವೇಷ ಹಾಕಿ ಹೆಸರು ಮಾಡಿದವರನ್ನು ಜಾನಪದ ಕಲಾವಿದ ಎನ್ನಬಹುದೇ? ಒಳ್ಳೆಯ ಹನ್ನೆರಡು ಹಾಡು ಆರಿಸಿ ಕೊಟ್ಟರೆ ಸಾಲದೇ?”

ಮೇಷ್ಟ್ರೇ, ಈ ವಯಸ್ಸಿನಲ್ಲಿ ಗೊತ್ತಿಲ್ಲದ ಭಾಷೆಯ ಹಾಡನ್ನು ಹುಡುಕಿಸಿ ಕೇಳಿದಿರಲ್ಲ, ಅದಕ್ಕೆ ಮೊದಲು ಕೈಮುಗಿಯುತ್ತೇನೆ. ನೀವು ಹೇಳಿದ್ದರಲ್ಲಿ ನಿಜ ಇಲ್ಲದಿಲ್ಲ. ಐವತ್ತು ವರ್ಷ ನುಡಿಸಿ ಹಾಡಿದವರ ಎಲ್ಲ ಹಾಡೂ ಒಂದೇ ತೂಕದವಲ್ಲ. ಎಲ್ಲರಿಗೂ ಅಷ್ಟು ಪುರುಸೊತ್ತೂ ಇರುವುದಿಲ್ಲ. ಆದರೆ ಹನ್ನೆರಡು ಹಾಡಿನ ಮಾತನ್ನು ಮಾತ್ರ ನಾನು ಒಪ್ಪಲಾರೆ.

ನಿಮಗೆ ಇಷ್ಟವಾದ ಹಾಡನ್ನೇ ತೆಗೆದುಕೊಳ್ಳೋಣ. ‘ಆಜಾ ಬ್ರಾಂಕಾ’, ಅಂದರೆ ಬಿಳಿ ರೆಕ್ಕೆ. ಅದೊಂದು ಕಾಡು ಪಾರಿವಾಳ. ಬ್ರೆಜಿಲ್‌ನ ಈಶಾನ್ಯದ ಒಣ ಸೀಮೆಗೆ ಸೆರ್ತಾವ್ ಎನ್ನುತ್ತಾರೆ. ಅಲ್ಲಿ ಬರ ಬಿದ್ದಾಗ ಈ ಹಕ್ಕಿಯೂ ಊರು ಬಿಟ್ಟು ಹಾರಿಹೋಗುತ್ತದೆ. ಹಿಂದೆಯೇ ಮನುಷ್ಯನೂ ಹೊರಡುತ್ತಾನೆ, ಮಳೆ ಬಂದರೆ ಬರುತ್ತೇನೆ ಎಂದು ಹುಡುಗಿಗೆ ಮಾತು ಕೊಟ್ಟು. 1947ರ ಮಾರ್ಚ್‌ನಲ್ಲಿ ಇದನ್ನು ಧ್ವನಿಮುದ್ರಣ ಮಾಡುವಾಗ, ಕುರುಡರು ಭಿಕ್ಷೆ ಬೇಡುವ ಹಾಡಿನ ಹಾಗಿದೆ ಎಂದು ಜೊತೆಗಿದ್ದ ವಾದಕರೇ ನಕ್ಕರಂತೆ. ಇವತ್ತು ಇದು ಗೊತ್ತಿಲ್ಲದ ಬ್ರೆಜಿಲ್‌ನವರು ಸಿಗುವುದು ಕಷ್ಟ.

ನಿಮ್ಮ ಹನ್ನೆರಡರ ಪಟ್ಟಿಯಲ್ಲಿ ಇದು ಖಂಡಿತ ಇರುತ್ತದೆ. ಆದರೆ ಹೋದವನು ಏನಾದ?

1950ರಲ್ಲಿ ಗೊನ್ಜಾಗಾ ಇನ್ನೊಂದು ಹಾಡು ಹಾಡಿದರು. ದೂರದಲ್ಲಿ ಗುಡುಗು ಕೇಳಿದೆ, ಬಿಳಿ ರೆಕ್ಕೆ ಮರಳಿದೆ, ಅವನೂ ಊರಿಗೆ ಹೊರಟಿದ್ದಾನೆ. ಸರಿ, ಸುಖಾಂತ್ಯ ಎಂದುಕೊಳ್ಳುತ್ತೇವೆ. 1953ರಲ್ಲಿ ಮತ್ತೆ ಬರ. ಈ ಸಲ ಹಾಡಿನಲ್ಲಿ ಹಕ್ಕಿ ಇಲ್ಲ. ರಾಜಕಾರಣಿಯ ಮುಖಕ್ಕೇ ಹೇಳುವ ಮಾತಿದೆ. ನೀವು ಕೊಡುವ ಭಿಕ್ಷೆ ಗಟ್ಟಿಮುಟ್ಟಾದ ಮನುಷ್ಯನನ್ನು ನಾಚಿಕೆಯಿಂದ ಸಾಯಿಸುತ್ತದೆ, ಇಲ್ಲ ಕೆಡಿಸುತ್ತದೆ. ನಮಗೆ ಅಣೆಕಟ್ಟು ಕಟ್ಟಿಕೊಡಿ, ಕೆರೆ ತೋಡಿಸಿ, ಕೈಗೆಟಕುವ ಬೆಲೆಗೆ ಆಹಾರ ಕೊಡಿ ಎಂದು ಕೇಳುತ್ತದೆ.

ಆಮೇಲೆ 1964. ಎಂಟೊಂಬತ್ತು ನಿಮಿಷದ ಉದ್ದನೆಯ ಹಾಡು. ಡಿಸೆಂಬರ್ 13 ಸಂತ ಲೂಸಿಯಾಳ ದಿನ. ಆವತ್ತು ಅಲ್ಲಿನ ರೈತರು ಉಪ್ಪಿನ ಹರಳು ಇಟ್ಟು ಮುಂದಿನ ಮಳೆ ಹೇಗೆ ಎಂದು ನೋಡುತ್ತಾರೆ. ನಮ್ಮವರು ರೋಹಿಣಿ, ಆರಿದ್ರಾ ಎಂದು ಕಾಯುವುದಿಲ್ಲವೇ, ಹಾಗೆ. ಹಾಡಿನ ರೈತ ಹರಳು ನೋಡುತ್ತಾನೆ, ನಂಬಿಕೆ ಕಳೆದುಕೊಳ್ಳುತ್ತಾನೆ. ಕತ್ತೆ, ಕುದುರೆ ಮಾರಿ, ಹೆಂಡತಿ ಮಕ್ಕಳನ್ನು ಲಾರಿ ಹತ್ತಿಸಿ ದೂರದ ಮಹಾನಗರ ಸಾವೊ ಪಾಲೊಗೆ ಗುಳೆ ಹೊರಡುತ್ತಾನೆ. ನನ್ನ ನಾಯಿಗೆ ಇನ್ನು ಊಟ ಹಾಕುವವರು ಯಾರು ಎಂದು ಮಗು ಅಳುತ್ತದೆ. ಈ ಸಲ ಅವರು ಹಿಂದಿರುಗುವುದಿಲ್ಲ. ಧಣಿಯ ಸಾಲ ತೀರುವುದೇ ಇಲ್ಲ.

ಹದಿನೇಳು ವರ್ಷ, ನಾಲ್ಕು ಹಾಡು, ಒಂದೇ ಕಥೆ! ಹೋದ, ಬಂದ, ಸಿಟ್ಟಾದ, ಮತ್ತೆ ಹೋದವನು ಬರಲೇ ಇಲ್ಲ. ಮೊದಲನೆಯದನ್ನು ಮಾತ್ರ ಇಟ್ಟುಕೊಂಡರೆ ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಚೆಂದದ ರಾಗ, ಅಷ್ಟೇ. ಕಾದಂಬರಿಯ ಮೊದಲ ಅಧ್ಯಾಯ ಓದಿಸಿ ಪುಸ್ತಕ ಮುಚ್ಚಿಡಿ ಎಂದು ನೀವು ಮಕ್ಕಳಿಗೆ ಯಾವತ್ತಾದರೂ ಹೇಳಿದ್ದಿರಾ?

ಇನ್ನು ಜಾನಪದ ಹೌದೋ ಅಲ್ಲವೋ ಎಂಬ ಪ್ರಶ್ನೆ. ಗೊನ್ಜಾಗಾ ಹುಟ್ಟಿದ್ದು 1912ರಲ್ಲಿ, ಈಶಾನ್ಯದ ಪೆರ್ನಾಂಬುಕೊ ರಾಜ್ಯದ ಎಶು ಎಂಬಲ್ಲಿ, ಅದೇ ಡಿಸೆಂಬರ್ 13ರಂದು. ಲೂಸಿಯಾಳ ದಿನವಾದ್ದರಿಂದಲೇ ಲೂಯಿಸ್ ಎಂಬ ಹೆಸರು. ಅಪ್ಪ ಜನುವಾರಿಯೊ ಕೂಲಿ ಮಾಡುತ್ತ, ತಗ್ಗು ಸ್ವರಕ್ಕೆ ಎಂಟೇ ಗುಂಡಿಗಳಿರುವ ಪುಟ್ಟ ಅಕಾರ್ಡಿಯನ್ ನುಡಿಸುತ್ತ, ಊರವರ ವಾದ್ಯ ರಿಪೇರಿ ಮಾಡುತ್ತ ಬದುಕಿದವರು. ಅಕಾರ್ಡಿಯನ್ ಎಂದರೆ ನಮ್ಮ ಹಾರ್ಮೋನಿಯಂನ ನೆಂಟ, ಅದೇ ತಿದಿ, ಅದೇ ರೀಡು. ಮಗ 1930ರಲ್ಲಿ ಸೈನ್ಯ ಸೇರಿದರು, 1939ರಲ್ಲಿ ಬಿಟ್ಟು ಆಗಿನ ರಾಜಧಾನಿ ರಿಯೊದ ಬಾರುಗಳಲ್ಲಿ ನಿಂತರು. ನುಡಿಸಿದ್ದು ಟ್ಯಾಂಗೊ, ವಾಲ್ಟ್ಜ್. ನಿಮ್ಮೂರಿನದು ಏನಾದರೂ ನುಡಿಸಿ ಎಂದು ಕೇಳಿದವರು ಈಶಾನ್ಯದಿಂದ ಓದಲು ಬಂದಿದ್ದ ಹುಡುಗರು. ಅಪ್ಪನಿಂದ ಕಲಿತದ್ದು ಆವತ್ತು ಬೆರಳಿಗೆ ಮರಳಿ ಬಂತು. ಆಮೇಲೂ ದಾರಿ ಸಲೀಸಾಗಿರಲಿಲ್ಲ. 1941ರಿಂದ ಗ್ರಾಮಫೋನ್ ತಟ್ಟೆಗಳು ಬಂದವು, ಬರೀ ವಾದನ. ಹಾಡಲು ಅವಕಾಶ ಸಿಕ್ಕಿದ್ದು 1945ರಲ್ಲಿ. ನೀವು ಕರಕರ ಎಂದು ದಾಟಿಸಿದ್ದು ಈ ನಾಲ್ಕು ವರ್ಷಗಳನ್ನೇ, ಮೇಷ್ಟ್ರೇ. ದನಿ ತೆಗೆಯಲು ಬಿಡದಿದ್ದಾಗ ಆ ಮನುಷ್ಯ ಬೆರಳಲ್ಲೇ ಎಷ್ಟು ಮಾತಾಡಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ.

ಚರ್ಮದ ಟೋಪಿಯನ್ನು ವೇಷ ಎಂದಿರಿ. ಮುಳ್ಳುಪೊದೆಯ ಆ ಸೀಮೆಯಲ್ಲಿ ದನಗಾಹಿಗಳು ತಲೆಯಿಂದ ಕಾಲಿನವರೆಗೆ ಚರ್ಮ ತೊಡುವುದು ಬದುಕಿಕೊಳ್ಳಲು. ಕೋಟು ಹಾಕಿ ಹಾಡುವ ರಾಜಧಾನಿಯಲ್ಲಿ ಅದನ್ನು ತೊಟ್ಟು ನಿಲ್ಲುವುದು ಸಣ್ಣ ಮಾತಲ್ಲ. ಅಕಾರ್ಡಿಯನ್, ಸೊಂಟದ ಬಳಿ ತೂಗುವ ಜಬುಂಬಾ ಡೋಲು, ಕಬ್ಬಿಣದ ತ್ರಿಕೋನ, ಈ ಮೂವರ ಮೇಳವನ್ನು ರೂಢಿಗೆ ತಂದವರೂ ಅವರೇ. ತ್ರಿಕೋನ ಬಾರಿಸುತ್ತ ತಿಂಡಿ ಮಾರುತ್ತಿದ್ದ ಹುಡುಗನನ್ನು ಬೀದಿಯಲ್ಲಿ ನೋಡಿ ಅದು ಹೊಳೆಯಿತಂತೆ. ಒಂದೇ ತಾಳ ಎಂದಿರಲ್ಲ, ಜಬುಂಬಾದ ಮೇಲ್ಗಡೆಯ ದಪ್ಪ ಪೆಟ್ಟನ್ನು ಬಿಟ್ಟು ಕೆಳಗಡೆಯ ತೆಳು ಕೋಲಿನ ಸದ್ದಿಗೆ ಕಿವಿ ಕೊಡಿ. ಹಾಡಿನಿಂದ ಹಾಡಿಗೆ ಬದಲಾಗುತ್ತದೆ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಆ ನಾಲ್ಕು ಹಾಡಿನ ಮಾತು ಬರೆದವರು ಯಾರು? ಮೊದಲನೆಯದಕ್ಕೆ ಉಂಬೆರ್ತೊ ತೆಯ್ಶೇರಾ, ವಕೀಲರು. ಎರಡು, ಮೂರನೆಯದಕ್ಕೆ ಜೆ ದಾಂತಾಸ್, ಡಾಕ್ಟರು. ನಾಲ್ಕನೆಯದಕ್ಕೆ ಪತಾತಿವಾ ದೊ ಅಸ್ಸರೆ, ಶಾಲೆಯ ಮುಖ ಹೆಚ್ಚು ನೋಡದ ರೈತಕವಿ. ಸಂಕಲನದ ಪೆಟ್ಟಿಗೆ ಇದ್ದರೆ ಇವರೆಲ್ಲ ಕಣ್ಣಿಗೆ ಬೀಳುತ್ತಾರೆ. ಫೋನಿನ ಪಟ್ಟಿಯಲ್ಲಿ ಕಂಡದ್ದು ಒಂದು ಫೋಟೊ, ಒಂದು ಹೆಸರು, ಅಲ್ವಾ? ನಮ್ಮಲ್ಲಿ ಇದು ಇನ್ನೂ ಜಾಸ್ತಿ. ಮೂವತ್ತು ವರ್ಷದ ಹಿಂದೆ ಜಾತ್ರೆಯೊಂದರಲ್ಲಿ ಕೋಲಾಟದ ಪದಗಳ ಕ್ಯಾಸೆಟ್ ಕೊಂಡೆ. ಹೆಂಗಸೊಬ್ಬರು ಹಾಡಿದ್ದಾರೆ, ಎಂಥ ಕಂಠ! ಹೊದಿಕೆಯ ಮೇಲೆ ‘ಸಾಹಿತ್ಯ: ಜಾನಪದ’ ಎಂದಷ್ಟೇ ಇದೆ. ಹಾಡಿದವರ ಹೆಸರಿಲ್ಲ, ಊರಿಲ್ಲ, ಇಸವಿ ಇಲ್ಲ. ಹೊರತಂದವರನ್ನು ಹುಡುಕಿಕೊಂಡು ಹೋದೆ. ‘ಅದೆಲ್ಲ ಯಾಕೆ ಸಾರ್, ಹಾಡು ಚೆನ್ನಾಗಿದೆಯಲ್ಲ’ ಎಂದು ಕಳಿಸಿದರು. ಇಂದಿಗೂ ಆ ತಾಯಿ ಯಾರೆಂದು ನನಗೆ ತಿಳಿದಿಲ್ಲ. ಅವರು ಇನ್ನೆಷ್ಟು ಪದ ಬಲ್ಲವರಾಗಿದ್ದರೋ. ಅವರಿಗೊಂದು ಐವತ್ತು ವರ್ಷದ ಪೆಟ್ಟಿಗೆ ಯಾರು ಮಾಡಿಕೊಡಬೇಕಿತ್ತು?

ಗೊನ್ಜಾಗಾ ಅವರ ಪೆಟ್ಟಿಗೆ ಬಂದದ್ದು 1988ರಲ್ಲಿ. ಮರುವರ್ಷ ಆಗಸ್ಟ್ 2ರಂದು ರೆಸಿಫೆಯಲ್ಲಿ ಅವರು ತೀರಿಕೊಂಡರು. ಬದುಕಿದ್ದಾಗಲೇ ಅದನ್ನು ನೋಡಿದರು ಎಂಬುದು ನನಗೆ ದೊಡ್ಡ ಸಮಾಧಾನ.

ಹಾಗಾಗಿ ಒಂದು ಕೆಲಸ ಮಾಡಿ. ನಾಲ್ಕೂ ಹಾಡಿನ ಹೆಸರನ್ನು ಇಸವಿ ಸಮೇತ ಚೀಟಿಯಲ್ಲಿ ಬರೆದು ಈ ಸಂಚಿಕೆಯ ಜೊತೆ ಇಟ್ಟಿದ್ದೇನೆ. ಮೊಮ್ಮಗಳನ್ನು ಪಕ್ಕ ಕೂರಿಸಿಕೊಂಡು ಅದೇ ಕ್ರಮದಲ್ಲಿ ಕೇಳಿ. ಕೊನೆಯದನ್ನು ಉದ್ದ ಆಯಿತು ಎಂದು ನಡುವೆ ನಿಲ್ಲಿಸಬೇಡಿ, ನಾಯಿಯ ಮಾತು ಬರುವವರೆಗಾದರೂ ಕಾಯಿರಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ.

– ಸಂಪಾದಕ